ಅಪ್ಪನ ಡಿಸಬಿಲಿಟಿ ಪೆನ್ಷನ್ ಅಪೀಲು ಎಲ್ಲಿಗೆ ಬಂತು ಅಂತ ಆನ್‌ಲೈನಲ್ಲಿ ನೋಡೋದು ಹೇಗೆ?

ಹಾಸನದ_ಮಗಳು
ಎಲ್ಲರಿಗೂ ನಮಸ್ಕಾರ. ನಮ್ಮಪ್ಪ ಸೇನೆಯಲ್ಲಿ 24 ವರ್ಷ ಇದ್ದು 2022ರ ಮೇ ತಿಂಗಳಲ್ಲಿ ಹವಾಲ್ದಾರ್ ಆಗಿ ರಿಟೈರ್ ಆದ್ರು. ಸೇರುವಾಗ ಯಾವ ಕಾಯಿಲೆಯೂ ಇರಲಿಲ್ಲ. ಆಚೆ ಬರುವಾಗ ಮೆಡಿಕಲ್ ಬೋರ್ಡ್‌ನವರು ಬಿಪಿಗೆ 30% ಡಿಸಬಿಲಿಟಿ, ಜೀವನಪರ್ಯಂತ ಅಂತ ಬರೆದು, ಕೆಳಗಡೆ "ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ" ಅಂತ ಸೇರಿಸಿಬಿಟ್ರು. ಕ್ಲೇಮ್ ರಿಜೆಕ್ಟ್. ಮೊದಲನೇ ಅಪೀಲು ಹಾಕಿದ್ವಿ, ಅದೂ ರಿಜೆಕ್ಟ್ ಅಂತ 2024ರ ಆಗಸ್ಟ್‌ನಲ್ಲಿ ಕಾಗದ ಬಂತು. ಎರಡನೇ ಅಪೀಲನ್ನ 2025ರ ಜನವರಿ 17ಕ್ಕೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದೀವಿ. ಈಗ ನವೆಂಬರ್. ಒಂದು ಸಾಲಿನ ಉತ್ತರವೂ ಇಲ್ಲ.

ಸ್ಪರ್ಶ್ ಅನ್ನೋ ಸೇನಾ ಪೆನ್ಷನ್ ಪೋರ್ಟಲ್‌ಗೆ ಲಾಗಿನ್ ಆಗಿ ಎಲ್ಲಾ ಮೆನುನೂ ತೆಗೆದು ನೋಡಿದೆ. ಪೆನ್ಷನ್ ಸ್ಲಿಪ್ ಬರುತ್ತೆ, ಲೈಫ್ ಸರ್ಟಿಫಿಕೇಟ್ ಬರುತ್ತೆ, ಅಪೀಲಿನ ಸುದ್ದಿ ಎಲ್ಲೂ ಇಲ್ಲ. ಆಮೇಲೆ ಆರ್ಮ್ಡ್ ಫೋರ್ಸಸ್ ಟ್ರಿಬ್ಯುನಲ್ ವೆಬ್‌ಸೈಟ್‌ನಲ್ಲಿ ಅಪ್ಪನ ಹೆಸರು ಹಾಕಿ ಹುಡುಕಿದೆ, ದಾಖಲೆ ಇಲ್ಲ ಅಂತ ಬಂತು. ನಾನು ಕೆಲಸ ಮುಗಿಸಿ ಬಂದು ಲ್ಯಾಪ್‌ಟಾಪ್ ತೆಗೆದ ತಕ್ಷಣ ಅಪ್ಪ ಕನ್ನಡಕ ಹಾಕ್ಕೊಂಡು ಪಕ್ಕದ ಕುರ್ಚಿಗೆ ಬಂದು ಕೂರ್ತಾರೆ. "ಏನಾದ್ರೂ ಬಂತಾ ಮಗಾ?" ಅಂತ ಒಂದೇ ಪ್ರಶ್ನೆ. ಏನು ಹೇಳಲಿ? ಈ ಅಪೀಲಿನ ಸ್ಟೇಟಸ್ ನೋಡೋ ಜಾಗ ಯಾವುದು, ಗೊತ್ತಿರೋರು ದಯವಿಟ್ಟು ಹೇಳಿ.

ಗದಗಿನ_ಜವಾನ
ನಮ್ದೂ ಹಿಂಗs ಆಗಿತ್ತು ನೋಡ್ರಿ. ವರ್ಷಗಟ್ಲೆ ಕಾಯಿಸ್ಯಾರ.

ಮೊಬೈಲ್_ಮಂಜ
ಸ್ಪರ್ಶ್‌ನಲ್ಲಿ ಗ್ರೀವೆನ್ಸ್ ಹಾಕಿ ಮೇಡಂ. ಅದೇ ಅಪೀಲು ಇದ್ದ ಹಾಗೆ. ಟಿಕೆಟ್ ನಂಬರ್ ಬರುತ್ತೆ, ಅದರಲ್ಲೇ ಸ್ಟೇಟಸ್ ನೋಡಬಹುದು.

ಥಂಬಿ_ಸುಬೇದಾರ್
@ಮೊಬೈಲ್_ಮಂಜ, ಹಾಗಲ್ಲಪ್ಪ. ಈ ತಪ್ಪು ತಿಳುವಳಿಕೆಯಿಂದ ಎಷ್ಟೋ ಜನ ವರ್ಷ ಕಳ್ಕೊಂಡಿದಾರೆ. ಗ್ರೀವೆನ್ಸ್ ಬೇರೆ, ಅಪೀಲು ಬೇರೆ.

ತಂಗಿ, ಸ್ವಲ್ಪ ಬಿಡಿಸಿ ಹೇಳ್ತೀನಿ. ನಾನು ಬೆಂಗಳೂರು ಎಂಇಜಿಯವನು (ಸೇನೆಯ ಎಂಜಿನಿಯರ್ ದಳ), 28 ವರ್ಷ ಸರ್ವೀಸು, ಈಗ ನಮ್ಮೂರಿನ ಮಾಜಿ ಸೈನಿಕರ ಕಾಗದ ಪತ್ರ ನೋಡ್ಕೊಡ್ತೀನಿ. ಸ್ಪರ್ಶ್ ಅನ್ನೋದು ಪೆನ್ಷನ್ ಮಂಜೂರು ಮಾಡಿ ದುಡ್ಡು ಹಾಕೋ ವ್ಯವಸ್ಥೆ. ಅದರ ಹಿಂದೆ ಇರೋದು ಪ್ರಯಾಗ್‌ರಾಜ್‌ನ ಪಿಸಿಡಿಎ ಪೆನ್ಷನ್ ಕಚೇರಿ. ಅಲ್ಲಿ ಕಾಣೋದು ನೀವು ಅಲ್ಲೇ ಎತ್ತಿದ ಟಿಕೆಟ್‌ನ ಸ್ಥಿತಿ. ಕಾಗದದ ಮೇಲೆ ಬರೆದು ಪೋಸ್ಟ್‌ನಲ್ಲಿ ಕಳಿಸಿದ ಅಪೀಲನ್ನ ಅಲ್ಲಿ ಹುಡುಕಿದ್ರೆ ಸಿಗಲ್ಲ.

ನಿಮ್ಮಪ್ಪನ ಅಪೀಲು ಹೋಗೋ ದಾರಿ ಬೇರೆ. ಮೊದಲನೆಯದನ್ನ ನೋಡೋದು ಫಸ್ಟ್ ಅಪೀಲ್ಸ್ ಕಮಿಟಿ, ಎಸಿಎಫ್‌ಎ ಅಂತಾರೆ. ಎರಡನೆಯದು ಎಸ್‌ಎಸಿಪಿ, ಅಂದ್ರೆ ಎರಡನೇ ಅಪೀಲಿನ ಕಮಿಟಿ ಮುಂದೆ ಹೋಗುತ್ತೆ. ಒಂದೊಂದಕ್ಕೂ ಹಿಂದಿನ ತೀರ್ಮಾನ ಬಂದ 6 ತಿಂಗಳೊಳಗೆ ಹಾಕಬೇಕು, ನೀವು ಆ ಗಡುವಿನೊಳಗೇ ಹಾಕಿದೀರ, ಒಳ್ಳೇದಾಯ್ತು. ಜವಾನರು, ಜೆಸಿಒಗಳದ್ದು (ಸುಬೇದಾರ್ ಮಟ್ಟದವರು) ಅವರ ಸರ್ವೀಸ್ ದಾಖಲೆ ಇಡೋ ರೆಕಾರ್ಡ್ಸ್ ಆಫೀಸ್ ಮೂಲಕ ಮೇಲಕ್ಕೆ ಹೋಗೋದು. ಹಾಗಾಗಿ ಮೊದಲು ಗೊತ್ತಾಗಬೇಕಾದ್ದು ಒಂದೇ: ರೆಕಾರ್ಡ್ಸ್‌ನವರು ಅದನ್ನ ಮೇಲಕ್ಕೆ ಕಳಿಸಿದಾರಾ, ಕಳಿಸಿದ್ರೆ ಯಾವ ಪತ್ರದ ನಂಬರಿನಲ್ಲಿ, ಯಾವ ತಾರೀಕಿಗೆ. ಆ ನಂಬರ್ ಕೈಗೆ ಬರೋವರೆಗೂ ಯಾವ ಪೋರ್ಟಲ್ ತೆಗೆದ್ರೂ ಪ್ರಯೋಜನ ಇಲ್ಲ.

ಇನ್ನು ಟ್ರಿಬ್ಯುನಲ್ ಸೈಟ್‌ನಲ್ಲಿ ಹೆಸರು ಬರಲಿಲ್ಲ ಅಂದ್ರಲ್ಲ. ನೀವು ಅಲ್ಲಿ ಕೇಸೇ ಹಾಕಿಲ್ಲವಲ್ಲಮ್ಮ, ಹೇಗೆ ಬರುತ್ತೆ? ಅದು ಕೋರ್ಟು. ಅಲ್ಲಿ ಒಎ, ಅಂದ್ರೆ ಒರಿಜಿನಲ್ ಅಪ್ಲಿಕೇಶನ್ ಸಲ್ಲಿಸಿ ನಂಬರ್ ಬಿದ್ದ ಮೇಲೆ ಮಾತ್ರ ಸ್ಟೇಟಸ್ ಕಾಣೋದು.

ಹಾಸನದ_ಮಗಳು
ಅಯ್ಯೋ, ಇಷ್ಟು ದಿನ ನಾನು ಇವೆಲ್ಲ ಒಂದೇ ಅಂದ್ಕೊಂಡಿದ್ದೆ ಸರ್. ಅಪೀಲು ಹಾಕಿದ ತಕ್ಷಣ ಟ್ರಿಬ್ಯುನಲ್‌ಗೇ ಹೋಗುತ್ತೆ ಅಂತ ಯಾರೋ ಹೇಳಿದ್ರು. ರೆಕಾರ್ಡ್ಸ್‌ಗೆ ಫೋನ್ ಮಾಡಿದ್ರೆ ಒಂದು ಸಲ "ಪ್ರೊಸೆಸ್‌ನಲ್ಲಿದೆ" ಅಂದ್ರು, ಇನ್ನೊಂದು ಸಲ "ನಮಗೆ ಬಂದೇ ಇಲ್ಲ" ಅಂದ್ರು.

ಕಾವೇರಿ_ತೀರ
ಸ್ಪೀಡ್ ಪೋಸ್ಟ್ ರಸೀದಿ ಇದೆಯಾ? ಅದನ್ನ ಇವತ್ತೇ ಫೋಟೋ ತೆಗೆದಿಟ್ಕೊಳ್ಳಿ. ಆ ಕಾಗದದ ಮೇಲಿನ ಅಕ್ಷರ ವರ್ಷದೊಳಗೆ ಅಳಿಸಿಹೋಗುತ್ತೆ. ನಮ್ಮ ಮಾವನ ಟ್ರಂಕಿನಲ್ಲಿ ಒಂದು ಕವರ್ ತುಂಬ ರಸೀದಿ ಇದ್ವು, ತೆಗೆದು ನೋಡಿದ್ರೆ ಎಲ್ಲ ಬಿಳೀ ಚೀಟಿ. ಬೆಳಕಿಗೆ ಓರೆಯಾಗಿ ಹಿಡಿದು ಒಂದೆರಡರ ನಂಬರ್ ಓದಿದ್ವಿ, ಉಳಿದದ್ದು ಆಗಲೇ ಇಲ್ಲ.

ಮೊಬೈಲ್_ಮಂಜ
ಈಗ ರಿಜಿಸ್ಟರ್ಡ್ ಪೋಸ್ಟೇ ಇಲ್ಲ ಅಲ್ವಾ? ನಿಂತುಹೋಯ್ತು ಅಂತ ಓದಿದೆ.

ಕಾವೇರಿ_ತೀರ
ನಿಂತಿಲ್ಲ, 2025ರ ಸೆಪ್ಟೆಂಬರ್ 1ರಿಂದ ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದಾರೆ. ತಲುಪಿದ್ದಕ್ಕೆ ಪುರಾವೆ ಬೇಕು ಅಂದ್ರೆ ಕೌಂಟರಲ್ಲೇ ಕೇಳಿ ತಗೋಬೇಕು. ನಮ್ಮಪ್ಪನಂಥವರಿಗೆ ಆ ಕೆಂಪು ಮೊಹರಿನ ರಿಜಿಸ್ಟರ್ಡ್ ಲಕೋಟೆ ಬಂದ್ರೇನೇ ಸರ್ಕಾರಿ ಕಾಗದ ಅಂತ ನಂಬಿಕೆ.

ವಕೀಲ_ಮಲೆನಾಡು
@ಹಾಸನದ_ಮಗಳು, ಸ್ಟೇಟಸ್ ವಿಷಯ ಒಂದು ಕಡೆ ಇರಲಿ, ನಿಮ್ಮ ತಾರೀಕುಗಳನ್ನ ನೋಡಿದ ಕೂಡಲೇ ನನಗೆ ಬೇರೆ ಚಿಂತೆ ಹತ್ತಿತು. ಗಮನ ಇಟ್ಟು ಓದಿ.

2007ರ ಆರ್ಮ್ಡ್ ಫೋರ್ಸಸ್ ಟ್ರಿಬ್ಯುನಲ್ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಇಲಾಖೆಯೊಳಗಿನ ದಾರಿಗಳನ್ನೆಲ್ಲ ಮುಗಿಸಿಕೊಂಡೇ ಟ್ರಿಬ್ಯುನಲ್‌ಗೆ ಬರಬೇಕು. ಆದರೆ ಅಪೀಲು ಹಾಕಿ 6 ತಿಂಗಳಾದರೂ ಆದೇಶ ಬರದಿದ್ದರೆ, ಆ ದಾರಿ ಮುಗಿದಂತೆಯೇ ಲೆಕ್ಕ. ಉತ್ತರಕ್ಕೆ ಕಾಯ್ತಾ ಕೂರಬೇಕಾಗಿಲ್ಲ. 22ನೇ ಸೆಕ್ಷನ್‌ನಲ್ಲಿ ಗಡುವು ಇದೆ. ಆದೇಶ ಬಂದಿದ್ದರೆ ಬಂದ ದಿನದಿಂದ 6 ತಿಂಗಳು. ಬರದೇ ಇದ್ದರೆ, ಆ ಮೊದಲ 6 ತಿಂಗಳು ಮುಗಿದ ಮೇಲೆ ಇನ್ನೊಂದು 6 ತಿಂಗಳು.

ನಿಮ್ಮ ಲೆಕ್ಕ ಹಾಕಿ. 2025ರ ಜನವರಿ 17ಕ್ಕೆ ಅಪೀಲು. ಜುಲೈ 17ಕ್ಕೆ 6 ತಿಂಗಳು ಮುಗಿಯಿತು. ಅಲ್ಲಿಂದ 6 ತಿಂಗಳು ಅಂದರೆ 2026ರ ಜನವರಿ 17. ಇವತ್ತು ನವೆಂಬರ್. ನಿಮ್ಮ ಕೈಯಲ್ಲಿ ಎರಡು ತಿಂಗಳು ಚಿಲ್ಲರೆ ಮಾತ್ರ ಇದೆ. ಪೋರ್ಟಲ್ ನೋಡ್ತಾ ನೋಡ್ತಾ ಈ ತಾರೀಕು ಜಾರಿಹೋಗಬಾರದು.

ಬೆಳಗಾವಿ_ಮರಾಠಾ
ವಕೀಲರ ಹಂಗ್ಯಾಕ ಹೆದರಸ್ತೀರಿ? ಪೆನ್ಷನ್‌ಗೆ ಲಿಮಿಟೇಶನ್ ಇಲ್ಲ. ನಮ್ಮ ಗೆಳೆಯಾ ರಿಟೈರ್ ಆಗಿ 14 ವರ್ಷದ ಮ್ಯಾಲೆ ಕೇಸ್ ಹಾಕಿ ಗೆದ್ದಾನ. ಪ್ರತಿ ತಿಂಗಳಾ ಪೆನ್ಷನ್ ಕಡಿಮಿ ಬರ್ತದಲ್ಲಾ, ಪ್ರತಿ ತಿಂಗಳಾನೂ ಹೊಸಾ ಅನ್ಯಾಯ ಆದಂಗ. ಸುಪ್ರೀಂ ಕೋರ್ಟ್ ಹೇಳೇತಿ.

ವಕೀಲ_ಮಲೆನಾಡು
ನೀವು ಹೇಳಿದ್ದು ಅರ್ಧ ಸರಿ. 2008ರ ತರ್ಸೆಮ್ ಸಿಂಗ್ ತೀರ್ಪು ಅದು. ಮುಂದುವರಿಯುವ ತಪ್ಪು ಅಂತ ತಡವಾಗಿ ಬಂದವರಿಗೂ ಬಾಗಿಲು ತೆರೆಯಿತು. ಉಳಿದರ್ಧವನ್ನೂ ಹೇಳಿ ಸ್ವಾಮಿ. ಹಿಂಬಾಕಿ ಸಿಗೋದು ಕೇಸು ಹಾಕಿದ ದಿನದಿಂದ ಹಿಂದಿನ 3 ವರ್ಷಕ್ಕೆ ಮಾತ್ರ. ನಿಮ್ಮ ಗೆಳೆಯರಿಗೆ 14 ವರ್ಷದ್ದು ಬಂತಾ?

ಬೆಳಗಾವಿ_ಮರಾಠಾ
ಇಲ್ರಿ. 3 ವರ್ಷದ್ದs ಬಂತು. ಉಳದಿದ್ದು ಹೋತು.

ವಕೀಲ_ಮಲೆನಾಡು
ಅದನ್ನೇ ನಾನು ಹೇಳೋದು. ಹಾಸನದವರ ತಂದೆ ಆಚೆ ಬಂದಿದ್ದು 2022ರ ಮೇ. ಈಗಲೇ ಮೂರೂವರೆ ವರ್ಷ ಆಗಿದೆ. ಅಪೀಲುಗಳನ್ನ ಬಿಡದೆ ನಡೆಸಿಕೊಂಡು ಬಂದಿರೋದರಿಂದ ಮೊದಲ ದಿನದಿಂದಲೇ ಕೊಡಿ ಅಂತ ವಾದಿಸೋಕೆ ಜಾಗ ಇದೆ. ಗಡುವು ತಪ್ಪಿದರೆ ತಡವನ್ನ ಮನ್ನಿಸಿ ಅಂತ ಬೇರೆ ಅರ್ಜಿ ಹಾಕಬೇಕು. ಟ್ರಿಬ್ಯುನಲ್‌ಗೆ ಮನ್ನಿಸೋ ಅಧಿಕಾರ ಇದೆ, ಆದರೆ ಆ ವಾದವೂ ಬಲಹೀನ ಆಗುತ್ತೆ.

ಲೆಕ್ಕದ_ಮೇಷ್ಟ್ರು
ದುಡ್ಡಿನ ಲೆಕ್ಕ ಯಾರೂ ಹೇಳಲಿಲ್ಲ, ನಾನು ಹೇಳ್ತೀನಿ. 100% ಡಿಸಬಿಲಿಟಿಗೆ ಸಿಗೋದು ಲೆಕ್ಕಕ್ಕೆ ಹಿಡಿಯುವ ಕೊನೇ ಸಂಬಳದ 30%. ಆ ಸಂಬಳ ತಿಂಗಳಿಗೆ 50,000 ಅಂತ ಇಟ್ಕೊಳ್ಳಿ. 100% ಇದ್ದವರಿಗೆ 15,000. 30% ಇದ್ದವರಿಗೆ 4,500. ಆದರೆ ರೌಂಡಿಂಗ್ ಆಫ್ ಇದೆ. 50ಕ್ಕಿಂತ ಕಡಿಮೆ ಇದ್ರೆ 50 ಅಂತ, 50ರಿಂದ 75ರವರೆಗೆ 75 ಅಂತ, ಅದಕ್ಕಿಂತ ಮೇಲೆ 100 ಅಂತ. ಅಲ್ಲಿಗೆ ಅಪ್ಪನ 30% ಹೋಗಿ 50% ಆಗುತ್ತೆ, 7,500 ರೂಪಾಯಿ. 3 ವರ್ಷದ ಹಿಂಬಾಕಿಯೇ 2,70,000, ಮೇಲೆ ಡಿಆರ್, ಅಂದ್ರೆ ತುಟ್ಟಿಭತ್ಯೆ ಬೇರೆ. ಮೊದಲು ಈ ರೌಂಡಿಂಗ್ ಇನ್‌ವ್ಯಾಲಿಡ್ ಆಗಿ, ಅಂದ್ರೆ ಆರೋಗ್ಯದ ಕಾರಣಕ್ಕೆ ಅವಧಿಗೆ ಮುಂಚೆ ಆಚೆ ಹೋದವರಿಗೆ ಮಾತ್ರ ಅಂತಿತ್ತು. 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಸರ್ವೀಸ್ ಮುಗಿಸಿ ಬಂದವರಿಗೂ ಉಂಟು ಅಂದಿತು. ಅರ್ಜಿಯಲ್ಲಿ ಇದನ್ನ ಬಾಯಿಬಿಟ್ಟು ಕೇಳಿ. ಕೇಳದೆ ಬಿಟ್ಟು ಮತ್ತೆ ಅಲೆದವರನ್ನ ನೋಡಿದೀನಿ.

ಸಿವಿಲಿಯನ್_77
ತಪ್ಪು ತಿಳ್ಕೋಬೇಡಿ. ಬಿಪಿ ಎಲ್ಲರಿಗೂ ಬರುತ್ತೆ. ಬ್ಯಾಂಕಿನಲ್ಲಿ ಕೂತಿರೋ ನನಗೂ ಬಿಪಿ ಇದೆ. ಗುಂಡೇಟು ಬಿದ್ದವರಿಗೆ, ಕಾಲು ಕಳಕೊಂಡವರಿಗೆ ಕೊಡಲಿ. ಬಿಪಿ, ಶುಗರ್‌ಗೆಲ್ಲ ಡಿಸಬಿಲಿಟಿ ಪೆನ್ಷನ್ ಅಂದ್ರೆ ಹೇಗೆ?

ಗದಗಿನ_ಜವಾನ
ನೀವು ರಾತ್ರಿ ಮನೀಗೆ ಹೋಗಿ ಮಕ್ಕಳ ಮುಖಾ ನೋಡಿ ಮಲಗತೀರಿ. ನಾ ಹೊತ್ತು ಮುಳುಗಿದ್ರ ಎಲ್‌ಒಸಿ ಬಂಕರಿನ್ಯಾಗ ಎಂಟು ತಾಸು ಕಣ್ಣು ಮಿಟಕಸದs ಕುಂತೇನಿ. ಮಗಳು ಹುಟ್ಟಿ ಹನ್ನೊಂದು ತಿಂಗಳಿಗೆ ಮೊದಲ ಸಲ ಎತ್ತಿಕೊಂಡೇನಿ. ಅವ್ವ ತೀರಿದಾಗ ಹಿಮಾ ಬಿದ್ದು ದಾರಿ ಬಂದ್ ಆಗಿತ್ತು, ಮೂರು ದಿನದ ಮ್ಯಾಲೆ ಊರು ಮುಟ್ಟಿದೆ. ನಿಮ್ಮ ಬಿಪಿ ನನ್ನ ಬಿಪಿ ಒಂದs ಅಂತ ನೀವು ಹೆಂಗ ಹೇಳತೀರಿ?

ವಕೀಲ_ಮಲೆನಾಡು
ಕಾನೂನಿನ ಉತ್ತರವನ್ನೂ ಕೊಡ್ತೀನಿ. 2013ರ ಜುಲೈನಲ್ಲಿ ಧರಮ್‌ವೀರ್ ಸಿಂಗ್ ಕೇಸು. ಸಿಗ್ನಲ್ಸ್‌ನ ಸಿಪಾಯಿ, 1985ರಲ್ಲಿ ಸೇರಿದವರು, ಮೂರ್ಛೆರೋಗ ಅಂತ 1994ರಲ್ಲಿ ಆಚೆ ಹಾಕಿದರು. ಡಿಸಬಿಲಿಟಿ 20%. ಸೇರುವಾಗಿನ ತಪಾಸಣೆಯಲ್ಲಿ ಕಾಯಿಲೆ ದಾಖಲಾಗಿಲ್ಲ ಅಂದಮೇಲೆ ಅದು ಸೇವೆಯಲ್ಲೇ ಬಂದದ್ದು ಅಂತ ಭಾವಿಸಬೇಕು, ಅಲ್ಲ ಅನ್ನುವ ಮೆಡಿಕಲ್ ಬೋರ್ಡು ಕಾರಣ ಬರೆಯಬೇಕು, ಸಾಬೀತು ಮಾಡೋ ಹೊರೆ ಸೈನಿಕನ ಮೇಲಿಲ್ಲ ಅಂತ ಸುಪ್ರೀಂ ಕೋರ್ಟು ಹೇಳಿತು. ಬಿಪಿ, ಶುಗರ್ ಅಂದಾಕ್ಷಣ ಜೀವನಶೈಲಿಯ ಕಾಯಿಲೆ ಅಂತ ಒಂದೇ ಸಾಲು ಗೀಚಿ ತಳ್ಳಿಹಾಕೋದು ನಡೆಯಲ್ಲ ಅಂತ 2025ರಲ್ಲಿ ದೆಹಲಿ ಹೈಕೋರ್ಟೂ ಹೇಳಿದೆ. ಡಿಸಬಿಲಿಟಿ ಅರ್ಹತೆಯ 2008ರ ನಿಯಮ ಬಂದಮೇಲೆ, ಸೇವೆಯಲ್ಲೇ ಬಂದದ್ದು ಅಂತ ಭಾವಿಸಬೇಕು ಅನ್ನೋದರ ಬಲ ತಗ್ಗಿದೆ ಅನ್ನೋದು ಸರ್ಕಾರದ ವಾದ, ಅದನ್ನೂ ಎದುರಿಸಲು ತಯಾರಿರಬೇಕು. 2023ರ ಸೆಪ್ಟೆಂಬರ್ 21ರ ನಂತರ ಆಚೆ ಬಂದವರಿಗೆ ಹೊಸ ನಿಯಮಗಳೇ ಬೇರೆ, ಇವರ ತಂದೆ ಅದಕ್ಕೆ ಮುಂಚಿನವರು.

ಸಿವಿಲಿಯನ್_77
@ಗದಗಿನ_ಜವಾನ, ಕ್ಷಮಿಸಿ ಅಣ್ಣ. ಹಾಗೆ ಯೋಚನೆ ಮಾಡಿರಲಿಲ್ಲ.

ಥಂಬಿ_ಸುಬೇದಾರ್
ಸರಿ, ವಿಷಯಕ್ಕೆ ಬರೋಣ. ಫೈಲು ಎಲ್ಲಿದೆ ಅಂತ ತಿಳಿಯೋಕೆ ನನಗೆ ಗೊತ್ತಿರೋ ಅತಿ ಗಟ್ಟಿ ದಾರಿ ಆರ್‌ಟಿಐ. ಫೋನಲ್ಲಿ "ಪ್ರೊಸೆಸ್‌ನಲ್ಲಿದೆ" ಅಂದವರು ಬರವಣಿಗೆಯಲ್ಲಿ ತಾರೀಕು ಹಾಕಿ ಹೇಳಲೇಬೇಕು.

ಮಾಹಿತಿ_ಹಕ್ಕು_ಮೈಸೂರು
ಹೌದು. ಕೇಂದ್ರದ ಆರ್‌ಟಿಐ ಆನ್‌ಲೈನ್ ಪೋರ್ಟಲ್‌ನಲ್ಲಿ 10 ರೂಪಾಯಿ ಕಟ್ಟಿ ಅಲ್ಲೇ ಹಾಕಬಹುದು. 30 ದಿನದೊಳಗೆ ಉತ್ತರ ಬರಬೇಕು, ನೋಂದಣಿ ನಂಬರ್ ಹಾಕಿದ್ರೆ ಸ್ಟೇಟಸ್ಸೂ ಅಲ್ಲೇ ಕಾಣುತ್ತೆ. ಅರ್ಜಿ ಬರೆಯೋ ಡಬ್ಬಿಯಲ್ಲಿ 3000 ಅಕ್ಷರ ಮಾತ್ರ ಹಿಡಿಯೋದು, ಹಾಗಾಗಿ ಕಥೆ ಬೇಡ, ಪ್ರಶ್ನೆ ಮಾತ್ರ. ಮುಖ್ಯ ವಿಷಯ: ಮಗಳ ಹೆಸರಲ್ಲಿ ಹಾಕಬೇಡಿ. ಬೇರೆಯವರ ವೈಯಕ್ತಿಕ ಮಾಹಿತಿ ಅಂತ ಆರ್‌ಟಿಐ ಕಾಯ್ದೆಯ 8(1)(ಜೆ) ಸೆಕ್ಷನ್ ತೋರಿಸಿ ವಾಪಸ್ ಕಳಿಸ್ತಾರೆ. ಅಪ್ಪನ ಹೆಸರಲ್ಲೇ, ಅಪ್ಪನ ಸರ್ವೀಸ್ ನಂಬರ್ ಹಾಕಿ ಸಲ್ಲಿಸಿ.

ನಾನು ಬರೆದುಕೊಡೋ ಮಾದರಿ ಹೀಗಿರುತ್ತೆ: "ನಾನು 17-01-2025ರಂದು ಇಂಥ ಸ್ಪೀಡ್ ಪೋಸ್ಟ್ ನಂಬರಿನಲ್ಲಿ ಕಳಿಸಿದ ಎರಡನೇ ಅಪೀಲು ನಿಮ್ಮ ಕಚೇರಿಗೆ ಯಾವ ದಿನ ತಲುಪಿತು, ಯಾವ ಡೈರಿ ನಂಬರಿನಲ್ಲಿ ದಾಖಲಾಯಿತು, ಯಾವ ಪತ್ರಸಂಖ್ಯೆ ಮತ್ತು ದಿನಾಂಕದಲ್ಲಿ ಮೇಲಿನ ಕಚೇರಿಗೆ ರವಾನೆಯಾಯಿತು, ಈವರೆಗಿನ ಫೈಲ್ ನೋಟಿಂಗ್‌ನ ಪ್ರತಿ, ನನ್ನ ಬಿಡುಗಡೆ ಮೆಡಿಕಲ್ ಬೋರ್ಡ್ ನಡಾವಳಿಯ ಪೂರ್ಣ ಪ್ರತಿ, ಮೊದಲ ಅಪೀಲು ತಿರಸ್ಕರಿಸಿದ ಕಮಿಟಿಯ ಟಿಪ್ಪಣಿಯ ಪ್ರತಿ ಒದಗಿಸಿ." "ಯಾಕೆ ತಡ ಮಾಡಿದಿರಿ" ಅಂತ ಕೇಳಬೇಡಿ. ಅದು ಮಾಹಿತಿಯಲ್ಲ ಅಂತ ಬರೆದು ಕೈ ತೊಳ್ಕೋತಾರೆ.

ಮೊಬೈಲ್_ಮಂಜ
ಕೇಂದ್ರದ ದೂರು ಪೋರ್ಟಲ್ ಸಿಪಿಗ್ರಾಮ್ಸ್‌ನಲ್ಲಿ ಹಾಕಿದ್ರೆ ಬೇಗ ಆಗಲ್ವಾ? 21 ದಿನ ಅಂತಾರೆ.

ಮಾಹಿತಿ_ಹಕ್ಕು_ಮೈಸೂರು
2024ರ ಆಗಸ್ಟ್‌ನ ಮಾರ್ಗಸೂಚಿಯಲ್ಲಿ 21 ದಿನ ಅಂತಿದೆ, ನಿಜ. ಹಾಕಿ, ತಪ್ಪಿಲ್ಲ. ಮಾಜಿ ಸೈನಿಕರ ಕಲ್ಯಾಣ ಇಲಾಖೆಗೆ ಹೋಗುತ್ತೆ. ಎರಡು ಎಚ್ಚರಿಕೆ. ಒಂದು, ಕೋರ್ಟಿನಲ್ಲಿರೋ ವಿಷಯವನ್ನ ಅದರಲ್ಲಿ ತಗೊಳ್ಳಲ್ಲ, ಒಎ ಹಾಕೋದಕ್ಕೆ ಮುಂಚೆಯೇ ಮುಗಿಸಿ. ಎರಡು, "ಸಂಬಂಧಪಟ್ಟ ಕಚೇರಿಗೆ ಕಳಿಸಲಾಗಿದೆ" ಅಂತ ಬರೆದು ಮುಚ್ಚಿದ್ರೂ ಆ ಉತ್ತರದ ಪಿಡಿಎಫ್ ಇಳಿಸಿಟ್ಕೊಳ್ಳಿ. ಅಪೀಲು ಅವರ ಹತ್ರ ಇದೆ ಅಂತ ಅವರೇ ಒಪ್ಪಿಕೊಂಡ ಕಾಗದ ಅದು.

ಡಲ್ಲಾಸ್_ಕನ್ನಡತಿ
ಇದನ್ನೆಲ್ಲ ಓದಿ ಹೊಟ್ಟೆ ಉರೀತಿದೆ. ನನ್ನ ಯಜಮಾನರು ಅಮೆರಿಕನ್ ಆರ್ಮಿಯಲ್ಲಿದ್ರು, ಮಂಡಿ ಮತ್ತು ಕಿವಿಯ ತೊಂದರೆಗೆ ವಿಎ (ಇಲ್ಲಿನ ಮಾಜಿ ಸೈನಿಕರ ಇಲಾಖೆ) ಕ್ಲೇಮ್ ಹಾಕಿದ್ವಿ. ಇಲ್ಲಿ ವಿಎ ವೆಬ್‌ಸೈಟಿನಲ್ಲಿ ಲಾಗಿನ್ ಡಾಟ್ ಗವ್ ಅಥವಾ ಐಡಿ ಡಾಟ್ ಮೀ ಖಾತೆಯಿಂದ ಒಳಗೆ ಹೋದ್ರೆ ಕ್ಲೇಮೂ ಅಪೀಲೂ ಒಂದೇ ಪುಟದಲ್ಲಿ ಕಾಣುತ್ತೆ. ಈಗ ಯಾವ ಹಂತ, ನಮ್ಮಿಂದ ಏನಾದ್ರೂ ಕಾಗದ ಬೇಕಾ, ಎಲ್ಲ ಇರುತ್ತೆ. 2019ರ ಫೆಬ್ರವರಿ 19ರಿಂದ ಅಪೀಲಿಗೆ ಮೂರು ದಾರಿ ಮಾಡಿದಾರೆ. ಹೊಸ ಸಾಕ್ಷ್ಯ ಇದ್ರೆ ಸಪ್ಲಿಮೆಂಟಲ್ ಕ್ಲೇಮ್. ಅದೇ ಕಾಗದಗಳನ್ನ ಹಿರಿಯ ಅಧಿಕಾರಿ ಮತ್ತೆ ನೋಡಲಿ ಅಂದ್ರೆ ಹೈಯರ್ ಲೆವೆಲ್ ರಿವ್ಯೂ, ಇದರಲ್ಲಿ ಹೊಸದೇನೂ ಸೇರಿಸೋ ಹಾಗಿಲ್ಲ. ಇಲ್ಲಾ ಅಂದ್ರೆ ನೇರ ಅಪೀಲು ಬೋರ್ಡಿನ ಜಡ್ಜ್ ಮುಂದೆ. ತೀರ್ಮಾನದ ಪತ್ರ ಬಂದು ಒಂದು ವರ್ಷದೊಳಗೆ ದಾರಿ ಆರಿಸ್ಕೋಬೇಕು. ನಮ್ಮಲ್ಲೂ ಹಾಗೇ ಒಂದು ಪುಟ ಮಾಡೋಕೆ ಏನು ಕಷ್ಟ?

ಬೆಳಗಾವಿ_ಮರಾಠಾ
ಅಲ್ಲೇನೂ ಬೇಗ ಆಗತೈತೇನ್ರಿ?

ಡಲ್ಲಾಸ್_ಕನ್ನಡತಿ
ಬೇಗ ಅಂತ ಹೇಳಲಾರೆ. ಬೋರ್ಡಿನಲ್ಲಿ ಹಿಯರಿಂಗ್ ಕೇಳಿದವರು ವರ್ಷಗಟ್ಟಲೆ ಕಾಯ್ತಾರೆ. ಆದರೆ ಕಾಯೋದು ಒಂದು ಸಂಕಟ, ಎಲ್ಲಿದೆ ಅಂತ ಗೊತ್ತಿಲ್ಲದೆ ಕಾಯೋದು ಇನ್ನೊಂದು. ಎರಡನೇದು ನಮಗಿರಲಿಲ್ಲ.

ಥಂಬಿ_ಸುಬೇದಾರ್
ಈ ಮಾತು ನಿಜ ತಾಯಿ. ನಮ್ಮ ಹುಡುಗರು ಬೇಡೋದು ಅಷ್ಟೇ. ಇಲ್ಲ ಅನ್ನೋದಾದ್ರೆ ಇಲ್ಲ ಅಂತ ಬರೆದು ಕಳಿಸಲಿ, ಮುಂದಿನ ಮೆಟ್ಟಿಲು ಹತ್ತುತೀವಿ.

ಕುಡ್ಲ_ನೇವಿ
ಟ್ರಿಬ್ಯುನಲ್ ಸೈಟಿನಲ್ಲಿ ಹುಡುಕುವವರಿಗೆ ನನ್ನದೊಂದು ಅನುಭವ ಹೇಳ್ತೇನೆ. ನನ್ನ ಕೇಸು ಹಾಕಿ ಎರಡು ತಿಂಗಳು ಹೆಸರು ಹುಡುಕಿದ್ದೇ ಹುಡುಕಿದ್ದು, ಸಿಗಲೇ ಇಲ್ಲ ಮಾರಾಯ್ರೆ. ಕಡೆಗೆ ಗೊತ್ತಾದದ್ದು ಏನೆಂದರೆ ನನ್ನ ಹೆಸರಿನ ಮುಂದೆ "ಎಕ್ಸ್" ಅಂತ ಸೇರಿಸಿ, ರ‍್ಯಾಂಕನ್ನೂ ಸೇರಿಸಿ, ಇನಿಶಿಯಲ್ ಹಿಂದೆ ಹಾಕಿ ದಾಖಲು ಮಾಡಿದ್ದಾರೆ. ಆಧಾರಿನಲ್ಲಿ ಇರುವ ಸ್ಪೆಲ್ಲಿಂಗ್ ಒಂದು, ಡಿಸ್ಚಾರ್ಜ್ ಪುಸ್ತಕದ್ದು ಒಂದು, ಅಲ್ಲಿಯದ್ದು ಮೂರನೆಯದ್ದು. ಆದ್ದರಿಂದ ಹೆಸರು ನಂಬಬೇಡಿ. ವಕೀಲರ ಹತ್ತಿರ ಒಎ ನಂಬರ್ ಮತ್ತು ವರ್ಷ ಬರೆಸಿಕೊಳ್ಳಿ. ನಂಬರ್ ಬೀಳುವ ಮೊದಲು ರಿಜಿಸ್ಟ್ರಿಯವರು ಅರ್ಜಿಯಲ್ಲಿ ತಪ್ಪು ಉಂಟಾ ಅಂತ ನೋಡ್ತಾರೆ, ಆ ಹೊತ್ತಿನಲ್ಲಿ ಡೈರಿ ನಂಬರ್ ಮಾತ್ರ ಇರ್ತದೆ. ಆಬ್ಜೆಕ್ಷನ್ ಸರಿಪಡಿಸದೆ ಬಿಟ್ಟರೆ ಕೇಸು ಅಲ್ಲೇ ಕೊಳೀತದೆ. "ಫೈಲ್ ಮಾಡಿ ಆಯ್ತು" ಅಂತ ವಕೀಲರು ಹೇಳಿದ ಮೇಲೂ "ನಂಬರ್ ಬಿತ್ತಾ?" ಅಂತ ಕೇಳಲೇಬೇಕು.

ಹಾಸನದ_ಮಗಳು
ನಾವು ಕೇಸ್ ಹಾಕೋದಾದ್ರೆ ಎಲ್ಲಿ? ಬೆಂಗಳೂರಾ?

ವಕೀಲ_ಮಲೆನಾಡು
ಕರ್ನಾಟಕ ಬರೋದು ಕೊಚ್ಚಿ ಪೀಠದ ವ್ಯಾಪ್ತಿಗೆ. ಚೆನ್ನೈ ಅಂತ ಕೆಲವರು ಹೇಳ್ತಾರೆ, ಅದು ತಪ್ಪು. ರೆಕಾರ್ಡ್ಸ್ ಆಫೀಸ್ ನಾಸಿಕ್ಕಿನಲ್ಲಿರಲಿ, ಸಿಕಂದರಾಬಾದಿನಲ್ಲಿರಲಿ, ರಿಟೈರ್ ಆದವರು ತಾವು ವಾಸ ಇರೋ ಕಡೆಯ ಪೀಠದಲ್ಲೇ ಹಾಕಬಹುದು.

ಕೊಡಗಿನ_ಕೋವಿ
ಮಾಜಿ ಸೈನಿಕರು ಇಷ್ಟೊಂದು ಇರುವ ರಾಜ್ಯ ನಮ್ಮದು. ಬೆಂಗಳೂರಿನಲ್ಲೇ ಎಂಇಜಿ, ಎಎಸ್‌ಸಿ, ಪಯೋನಿಯರ್, ಸಿಎಂಪಿ, ಪ್ಯಾರಾ ಅಂತ ಸೇನೆಯ ಇಷ್ಟೆಲ್ಲ ಕೇಂದ್ರ ಇದ್ದೂ ಒಂದು ಪೀಠ ಇಲ್ಲ. ನಮ್ಮ ಅಜ್ಜನ ಕಾಲದಲ್ಲಿ ಕಾರ್ಯಪ್ಪನವರೇ ಮಾಜಿ ಸೈನಿಕರಿಗೆ ಅಂತ ಇಂಡಿಯನ್ ಎಕ್ಸ್-ಸರ್ವೀಸಸ್ ಲೀಗ್ ಕಟ್ಟಿದ್ರು. ಆ ಮಣ್ಣಿನವರು ನಾವು ಸಣ್ಣ ಅರ್ಜಿಗೂ ಕೊಚ್ಚಿಗೆ ಹೋಗಬೇಕು. ಎಪ್ಪತ್ತು ದಾಟಿದವರು ಹೇಗೆ ಹೋಗ್ತಾರೆ?

ಲೆಕ್ಕದ_ಮೇಷ್ಟ್ರು
ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಪ್ರತಿ ದಿನಾಂಕಕ್ಕೂ ಅರ್ಜಿದಾರ ಹೋಗಬೇಕಾಗಿಲ್ಲ, ವಕೀಲರು ಹೋದ್ರೆ ಸಾಕು. ದಿನದ ಆದೇಶ ಸೈಟಿನಲ್ಲಿ ಬಂದದ್ದನ್ನ ಮನೆಯಲ್ಲೇ ಓದಬಹುದು.

ಕಾವೇರಿ_ತೀರ
ವಕೀಲರ ಫೀಸಿಗೆ ಶಕ್ತಿ ಇಲ್ಲದವರಿಗೆ ಒಂದು ಮಾತು. ನಾಲ್ಸಾದವರು (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) 2025ರ ಜುಲೈ 26ರಂದು ವೀರ್ ಪರಿವಾರ್ ಸಹಾಯತಾ ಯೋಜನೆ ಅಂತ ಶುರು ಮಾಡಿದಾರೆ. ಸೈನಿಕ ಕಲ್ಯಾಣ ಕಚೇರಿಗಳಲ್ಲೇ ಕಾನೂನು ನೆರವಿನ ಕ್ಲಿನಿಕ್ ಇಡೋದು ಅದರ ಉದ್ದೇಶ. ನಿಮ್ಮ ಜಿಲ್ಲಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಗೆ ಹೋಗಿ ಕೇಳಿ ನೋಡಿ.

ಗದಗಿನ_ಜವಾನ
ಒಂದು ಎಚ್ಚರಕಿ ಹೇಳತೇನಿ ಎಲ್ಲಾರಿಗೂ. ಹೋದ ವರ್ಷ ನನಗೊಂದು ಫೋನ್ ಬಂತು. ಶುದ್ಧ ಹಿಂದಿ, ನನ್ನ ಪಿಪಿಒ (ಪೆನ್ಷನ್ ಆದೇಶದ) ನಂಬರ್ ಹೇಳಿದ, ರ‍್ಯಾಂಕ್ ಹೇಳಿದ. "ನಿಮ್ಮ ಅಪೀಲ್ ಫೈಲ್ ನನ್ನ ಟೇಬಲ್ ಮ್ಯಾಲೆ ಐತಿ, ಒಂದು ಒಟಿಪಿ ಹೇಳ್ರಿ, ಸ್ಟೇಟಸ್ ಅಪ್‌ಡೇಟ್ ಮಾಡತೇನಿ" ಅಂದ. ಬಾಯಿ ತುದೀಗೆ ಬಂದಿತ್ತು ನಂಬರು. ಮಗಳು ಫೋನ್ ಕಸ್ಕೊಂಡು ಕಟ್ ಮಾಡಿದ್ಲು. ಯಾವ ಕಚೇರಿಯವರೂ ಫೋನ್ ಮಾಡಿ ಒಟಿಪಿ ಕೇಳೂದಿಲ್ಲ. ಕಾಯ್ದು ಕಾಯ್ದು ಸೋತ ಮನುಷ್ಯಾ ಅಂತ ಅವರಿಗೆ ಗೊತ್ತಿರತೈತಿ, ಅದಕ್ಕs ಬಲಿ ಬೀಸತಾರ.

ಬೆಳಗಾವಿ_ಮರಾಠಾ
ನಮ್ಮ ಕಡೆ ಹಿಂಬಾಕಿಯೊಳಗ ಪಾಲು ಕೇಳೂ ಏಜೆಂಟರೂ ಅದಾರ. ಕೊಡಬ್ಯಾಡ್ರಿ.

ಕುಡ್ಲ_ನೇವಿ
ಗೆದ್ದ ಮೇಲೆ ಏನಾಗ್ತದೆ ಅಂತಲೂ ಹೇಳಿಬಿಡ್ತೇನೆ. ನನ್ನ ಆದೇಶದಲ್ಲಿ 4 ತಿಂಗಳೊಳಗೆ ಕೊಡಿ ಅಂತ ಇತ್ತು. ದಾಟಿತು, ಬರಲಿಲ್ಲ. ಆಮೇಲೆ ಜಾರಿ ಅರ್ಜಿ ಹಾಕಿದ್ದು, ಎಕ್ಸಿಕ್ಯೂಶನ್ ಅಂತ. ಆಗ ಎದ್ದರು. ಹೊಸ ಕಾರಿಜೆಂಡಮ್ ಪಿಪಿಒ, ಅಂದರೆ ತಿದ್ದಿದ ಪೆನ್ಷನ್ ಆದೇಶ, ಬಂದದ್ದು ಸ್ಪರ್ಶ್‌ನಲ್ಲೇ ಕಂಡಿತು, ಡಿಸಬಿಲಿಟಿ ಎಲಿಮೆಂಟ್ ಅಂತ ಬೇರೆ ಸಾಲು. ಸ್ಪರ್ಶ್ ಉಪಯೋಗಕ್ಕೆ ಬರುವುದು ಆ ಕೊನೆಯ ಹಂತದಲ್ಲಿ.

ಮೊಬೈಲ್_ಮಂಜ
ಎಲ್ಲ ಓದಿದೆ. ನನ್ನ ಮೊದಲ ಉತ್ತರ ತಪ್ಪು ಅಂತ ಗೊತ್ತಾಯ್ತು, ಯಾರೂ ಅದನ್ನ ನಂಬಬೇಡಿ. ಒಂದು ಡೌಟು, ಟ್ರಿಬ್ಯುನಲ್‌ನಲ್ಲೂ ಸೋತ್ರೆ?

ವಕೀಲ_ಮಲೆನಾಡು
ಹೈಕೋರ್ಟಿಗೆ ರಿಟ್ ಹೋಗಬಹುದು. 2023ರ ಮಾರ್ಚ್‌ನಲ್ಲಿ ಪರಶೋತ್ತಮ್ ದಾಸ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಆ ಅಧಿಕಾರವನ್ನ ಎತ್ತಿಹಿಡಿಯಿತು. ಮೊದಲು ಇಲ್ಲಿ ಗೆಲ್ಲೋದನ್ನ ನೋಡೋಣ.

ಹಾಸನದ_ಮಗಳು
ಎಲ್ಲರಿಗೂ ಕೈಮುಗಿದು ಧನ್ಯವಾದ. ನಾಲ್ಕು ದಿನದಲ್ಲಿ ಏನೇನಾಯ್ತು ಅಂತ ಹೇಳ್ತೀನಿ.

ಅಪ್ಪನ ಹಸಿರು ಟ್ರಂಕು ಇಳಿಸಿ ಎಲ್ಲ ಕಾಗದ ಹರಡಿದ್ವಿ. ಸ್ಪೀಡ್ ಪೋಸ್ಟ್ ರಸೀದಿ ಸಿಕ್ತು. ಕಾವೇರಿ_ತೀರ ಅವರು ಹೇಳಿದ ಹಾಗೆ ಅರ್ಧ ಮಾಸಿದೆ, ನಂಬರ್ ಇನ್ನೂ ಓದಬಹುದು, ಫೋಟೋ ತೆಗೆದೆ. ಅದರ ಜೊತೆಗೆ ನನಗೆ ಗೊತ್ತೇ ಇಲ್ಲದ ಒಂದು ಕವರ್ ಇತ್ತು. ಈ ವರ್ಷ ಮಾರ್ಚ್‌ನಲ್ಲಿ ರೆಕಾರ್ಡ್ಸ್‌ನಿಂದ ಬಂದದ್ದು, ಇಂಗ್ಲಿಷಿನಲ್ಲಿ ನಾಲ್ಕು ಸಾಲು: ಎರಡನೇ ಅಪೀಲನ್ನ ಮೇಲಿನ ಕಚೇರಿಗೆ ಕಳಿಸಲಾಗಿದೆ, ಪತ್ರ ಸಂಖ್ಯೆ ಇಂಥದ್ದು. ಬ್ಯಾಂಕಿನ ಕಾಗದ ಅಂದ್ಕೊಂಡು ಅಪ್ಪ ಪಾಸ್‌ಬುಕ್ಕಿನೊಳಗೆ ಮಡಚಿಟ್ಟಿದ್ರು. "ಬಂದೇ ಇಲ್ಲ" ಅಂತ ಫೋನಲ್ಲಿ ಹೇಳಿದವರಿಗೆ ನಿನ್ನೆ ಆ ಸಂಖ್ಯೆ ಓದಿ ಹೇಳಿದೆ. ಎರಡು ನಿಮಿಷ ಹೋಲ್ಡ್‌ನಲ್ಲಿಟ್ಟು, ಹೌದು ಹೋಗಿದೆ, ತೀರ್ಮಾನ ಬಂದಿಲ್ಲ ಅಂದ್ರು.

ಅಪ್ಪನ ಹೆಸರಲ್ಲಿ ಆರ್‌ಟಿಐ ಹಾಕಿ ಆಯ್ತು, ನೋಂದಣಿ ನಂಬರ್ ಬಂತು. ಸೈನಿಕ ಕಲ್ಯಾಣ ಕಚೇರಿಗೆ ಸೋಮವಾರ ಹೋಗ್ತಿದೀವಿ. ವಕೀಲರು ಹೇಳಿದ ಜನವರಿ 17 ಅನ್ನೋದನ್ನ ಅಪ್ಪ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿಂದ ಸುತ್ತು ಹಾಕಿದಾರೆ, ಹೊಸ ವರ್ಷದ ಕ್ಯಾಲೆಂಡರ್ ಇನ್ನೂ ಬಂದಿಲ್ಲ ಅಂತ ಈ ವರ್ಷದ ಕೊನೇ ಹಾಳೆಯ ಹಿಂದೆ ತಾವೇ ಜನವರಿ ತಿಂಗಳ ಮನೆ ಗೆರೆ ಎಳೆದು.

@ವಕೀಲ_ಮಲೆನಾಡು, ಆರ್‌ಟಿಐ ಉತ್ತರ ಬರೋಕೆ ಮುಂಚೆಯೇ ಒಎ ಹಾಕಬಹುದಾ, ಇಲ್ಲ ಮೆಡಿಕಲ್ ಬೋರ್ಡ್ ಪ್ರತಿ ಕೈಗೆ ಬರೋವರೆಗೆ ಕಾಯಬೇಕಾ?

ವಕೀಲ_ಮಲೆನಾಡು
ಕಾಯಬೇಡಿ. ಡಿಸೆಂಬರ್ ಕೊನೆಗೆ ಪ್ರತಿ ಬರದಿದ್ದರೂ ಕೈಯಲ್ಲಿರೋ ರಿಜೆಕ್ಷನ್ ಪತ್ರಗಳನ್ನ ಇಟ್ಟು ಹಾಕಿಬಿಡಿ. ಮೆಡಿಕಲ್ ಬೋರ್ಡ್ ದಾಖಲೆ ಎದುರು ಪಕ್ಷದವರೇ ತರಲಿ ಅಂತ ಅರ್ಜಿಯಲ್ಲೇ ಕೇಳಬಹುದು. ಮಾರ್ಚ್‌ನ ಆ ನಾಲ್ಕು ಸಾಲಿನ ಪತ್ರವನ್ನ ಮಾತ್ರ ಪಾಸ್‌ಬುಕ್ಕಿನಿಂದ ತೆಗೆದು ಬೇರೆ ಫೈಲಿನಲ್ಲಿಡಿ.

ಹಾಸನದ_ಮಗಳು
ಇಟ್ಟಾಯ್ತು ಸರ್. ಅಪ್ಪ ಪಕ್ಕದಲ್ಲೇ ಕೂತಿದಾರೆ, ಓದಿ ಹೇಳಿದೆ.